ತಳದ ಮಡ್ಡಿ

ನಾಗವಾರಪಾಳ್ಯದ ಮುನೇಶ್ವರನ ಗುಡಿಯಲ್ಲಿ ಒಂದು ದೀಪ ಉರಿಯುತ್ತದೆ. ಅದನ್ನು ಮೊದಲು ಹಚ್ಚಿದವರು ಯಾರೆಂದು ಊರಿನಲ್ಲಿ ಯಾರಿಗೂ ನೆನಪಿಲ್ಲ. ಸುತ್ತ ರಾಗಿ ಹೊಲ ಇದ್ದಾಗಲೂ ಉರಿಯುತ್ತಿತ್ತು. ಹೊಲ ಹೋಗಿ ಸೈಟುಗಳಾಗಿ, ಸೈಟಿನ ಮೇಲೆ ನಾಲ್ಕಂತಸ್ತಿನ ಪಿ.ಜಿ.ಗಳು ಎದ್ದು, ಗುಡಿ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಮೇಲೂ ಉರಿಯುತ್ತಿದೆ. ದೇವರಿಗೆ ಜಾಗ ಎಷ್ಟಾದರೂ ಸಾಕು, ಬೆಳಕು ಇದ್ದರಾಯಿತು.

ಆ ದೀಪಕ್ಕೆ ಎಣ್ಣೆ ಹಾಕುವ ಸೇವೆ ರಾಮಾಂಜಿನಪ್ಪನವರ ಮನೆತನದ್ದು. ಎಪ್ಪತ್ತೊಂದು ದಾಟಿದ ರಾಮಾಂಜಿನಪ್ಪನವರು ಬೆಳಿಗ್ಗೆ ಆರಕ್ಕೆ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲೇ ಗುಡಿ ಹೊಕ್ಕು, ಕಂಚಿನ ಬಟ್ಟಲಿಗೆ ಹರಳೆಣ್ಣೆ ಸುರಿಯುತ್ತಾರೆ. ಸಂಜೆ ಮತ್ತೆ ಸುರಿಯುತ್ತಾರೆ. ಬಟ್ಟಲು ಎಂದೂ ಬರಿದಾಗಬಾರದು ಎಂದು ಅವರ ತಾತ ಸಾಯುವಾಗ ಕೈ ಹಿಡಿದು ಹೇಳಿದ್ದರು. ನಲವತ್ತೆಂಟು ವರ್ಷದಲ್ಲಿ ಅವರು ಒಂದು ದಿನವೂ ತಪ್ಪಿಸಿಲ್ಲ. ಚಳಿಜ್ವರ ಬಂದ ದಿನ ಗೋಡೆ ಹಿಡಿದುಕೊಂಡು ಹೋಗಿ ಸುರಿದು ಬಂದಿದ್ದರು. ಇಂಥ ನಿಷ್ಠೆಯನ್ನು ಹಗುರವಾಗಿ ಕಾಣಬಾರದು. ಈ ಕತೆಯಲ್ಲಿ ಆದ ತಪ್ಪೂ ಆ ನಿಷ್ಠೆಯಿಂದಲೇ ಆದದ್ದು.

ಗುಡಿಯಿಂದ ಹೊರಬಂದ ಮೇಲೆ ಅವರು ಇನ್ನೊಂದು ಸೇವೆ ಮಾಡುತ್ತಿದ್ದರು. ಪಕ್ಕದಲ್ಲೇ ಅವರ ಮನೆ. ಮನೆಯ ಮುಂದೆ ಅವರದೇ ಹೆಸರಿನಲ್ಲಿದ್ದ ಹಳೆಯ ಹಳದಿ ಶಾಲಾ ವ್ಯಾನ್. ಅದರ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ, ಎಣ್ಣೆಯ ಮಟ್ಟ ತೋರಿಸುವ ಗೇಜ್ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು ಬೆಳಕಿಗೆ ಹಿಡಿಯುತ್ತಿದ್ದರು. ಮೇಲಿನ ಗೆರೆಗಿಂತ ಕೂದಲೆಳೆಯಷ್ಟು ಇಳಿದಿದ್ದರೂ ಡಬ್ಬಿಯಿಂದ ಎಂಜಿನ್ ಆಯಿಲ್ ಸುರಿದು ಸರಿ ಮಾಡುತ್ತಿದ್ದರು. ಎಂಜಿನ್ನಿಗೆ ವಯಸ್ಸಾಗಿತ್ತು, ವಾರಕ್ಕೆ ಒಂದಿಷ್ಟು ಆಯಿಲ್ ಕುಡಿಯುತ್ತಿತ್ತು. ಹಾಗಾಗಿ ಅವರ ತರ್ಕ ನೇರವಾಗಿತ್ತು. ಹಳೆಯದು ಉರಿದು ಹೋಗುತ್ತದೆ, ಹೊಸದು ಬಂದು ಸೇರುತ್ತದೆ. ಇನ್ನು ತೆಗೆದು ಚೆಲ್ಲುವುದಕ್ಕೆ ಏನಿದೆ? ಮೂರು ವರ್ಷದಿಂದ ಆ ಎಂಜಿನ್ನಿಗೆ ಆಯಿಲ್ ಹಾಕಿದ್ದುಂಟು, ಒಮ್ಮೆಯೂ ತೆಗೆದದ್ದಿಲ್ಲ.

ಆ ಸೀಟಿನ ಮೇಲೆ ಕೂರುತ್ತಿದ್ದವಳು ಸೊಸೆ ಹಂಸ. ಮೊದಲು ಮಗ ಆನಂದ್ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ ಅವನು ಏರ್‌ಪೋರ್ಟ್ ಟ್ಯಾಕ್ಸಿಗೆ ಸೇರಿಕೊಂಡಾಗ, ವ್ಯಾನ್ ಮಾರುವ ಮಾತು ಎದ್ದಿತು. ಹಂಸ ಯಾರನ್ನೂ ಕೇಳದೆ ಡ್ರೈವಿಂಗ್ ಕಲಿತು, ಲೈಸೆನ್ಸೂ ಬ್ಯಾಡ್ಜೂ ತಂದು ಅತ್ತೆಯ ಮುಂದಿಟ್ಟಳು. ಅಂದಿನಿಂದ ಸಿ.ವಿ. ರಾಮನ್ ನಗರದ ಹದಿನಾಲ್ಕು ಹುಡುಗಿಯರನ್ನು ಬೆನ್ಸನ್ ಟೌನಿನ ಶಾಲೆಗೆ ಅವಳೇ ಬಿಟ್ಟು ಕರೆತರುತ್ತಿದ್ದಳು. ಅಂದಿನಿಂದಲೇ ಮಾವ ಅವಳೊಡನೆ ನೇರ ಮಾತು ನಿಲ್ಲಿಸಿದ್ದರು. ಅವಳು ಎರಡು ಮೊಳ ದೂರದಲ್ಲಿ ನಿಂತಿದ್ದರೂ ಮಾತೆಲ್ಲ ಹೆಂಡತಿ ದೊಡ್ಡಮುನಿಯಮ್ಮನ ಮೂಲಕ ಹೋಗಬೇಕು, ಉತ್ತರವೂ ಅದೇ ದಾರಿಯಲ್ಲಿ ಬರಬೇಕು.

ವ್ಯಾನಿನ ಕೀಲಿಗೂ ಹಾಗೊಂದು ದಾರಿ ಇತ್ತು. ರಾತ್ರಿ ಅದು ಮುನೇಶ್ವರನ ಪಾದದ ಬಳಿ ಇರುತ್ತಿತ್ತು. ಬೆಳಿಗ್ಗೆ ರಾಮಾಂಜಿನಪ್ಪನವರು ಅದಕ್ಕೆ ಕುಂಕುಮ ಹಚ್ಚಿ ಹೆಂಡತಿಯ ಕೈಗೆ ಕೊಡುತ್ತಿದ್ದರು. ಅವಳು ಸೊಸೆಯ ಅಂಗೈಗೆ, ಬೆರಳು ತಾಕದಂತೆ, ಮೇಲಿನಿಂದ ಬಿಡುತ್ತಿದ್ದಳು.

"ಅವಳಿಗೆ ಹೇಳು, ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ಬೇಡ ಅಂತ. ಗಾಡಿ ಸುಟ್ಟ ವಾಸನೆ ಬರ್ತಾ ಐತೆ," ಎಂದರು ಅವರು ಆ ಮಂಗಳವಾರ ಬೆಳಿಗ್ಗೆ.

"ಅದು ಕ್ಲಚ್ ವಾಸನೆ ಅಲ್ಲ ಅಂತ ಹೇಳಿ ಅತ್ತೆ."

ದೊಡ್ಡಮುನಿಯಮ್ಮ ಎರಡನ್ನೂ ತಿರುಗಿ ಹೇಳಬೇಕಾದ ಅಗತ್ಯ ಇರಲಿಲ್ಲ. ತನ್ನದೊಂದು ಮಾತನ್ನು ಮಾತ್ರ ಸೇರಿಸಿದಳು. "ಎದುರುತ್ತರ ಕೊಡೋದ್ರಲ್ಲಿ ನಿನ್ನ ಎಂಜಿನ್ ಚೆನ್ನಾಗೇ ಐತೆ ಬಿಡು."

ಅದೇ ದಿನ ಹಲಸೂರಿನ ಸಿಗ್ನಲ್ಲಿನಲ್ಲಿ ವ್ಯಾನ್ ನಿಂತಾಗ, ಸ್ಟಿಯರಿಂಗಿನ ಹಿಂದೆ ಗಿಂಡಿಯ ಆಕಾರದ ಕೆಂಪು ದೀಪವೊಂದು ಮಿಣುಕಿತು. ಸೀಟಿನ ಕೆಳಗೆ ಟಕಟಕ ಸದ್ದು. ಎಡಗಡೆ ಕಿಟಕಿ ಪಕ್ಕ ಕೂತಿದ್ದ ಐದನೇ ಕ್ಲಾಸಿನ ತೂಬಾ ಕಿವಿಗೊಟ್ಟು ಕೇಳಿ, "ಆಂಟಿ, ನಮ್ ವ್ಯಾನ್ ಹಲ್ಲು ಕಡೀತಾ ಇದೆ," ಎಂದಳು. ಹಿಂದಿನವರೆಲ್ಲ ನಕ್ಕರು. ಹಂಸ ನಗಲಿಲ್ಲ. ಮಕ್ಕಳನ್ನು ಇಳಿಸಿದವಳೇ ಶಿವಾಜಿನಗರದ ಗಲ್ಲಿಯಲ್ಲಿರುವ ಜಿಯಾವುಲ್ಲಾನ ಗ್ಯಾರೇಜಿಗೆ ಹೋದಳು.

ಜಿಯಾವುಲ್ಲಾ ಆ ಗಲ್ಲಿಯಲ್ಲೇ ಕೂದಲು ನೆರೆತ ಮೆಕ್ಯಾನಿಕ್. ಗಾಡಿಯನ್ನು ನೋಡುವ ಮೊದಲು ಕಣ್ಣು ಮುಚ್ಚಿ ಅದರ ಸದ್ದು ಕೇಳುವ ಅಭ್ಯಾಸ. ಕೇಳಿದ, ಎಂಜಿನ್ ಆಫ್ ಮಾಡು ಎಂದು ಕೈಸನ್ನೆ ಮಾಡಿದ. ಸೀಟು ಎತ್ತಿ ಆಯಿಲ್ ಸುರಿಯುವ ಮುಚ್ಚಳವನ್ನು ತಿರುಗಿಸಿ ತೆಗೆದು, ಮಗುಚಿ ಅವಳಿಗೆ ತೋರಿಸಿದ. ಮುಚ್ಚಳದ ಒಳಮೈಗೆ ಕಪ್ಪು ಅಂಟು, ಆರಿದ ರಾಗಿ ಅಂಬಲಿಯ ಕೆನೆಯಂತೆ ದಪ್ಪವಾಗಿ ಮೆತ್ತಿಕೊಂಡಿತ್ತು.

"ಅಕ್ಕಾ, ಇದು ಆಯಿಲ್ ಅಲ್ಲ. ರೋಡಿಗೆ ಹಾಕೋ ಡಾಂಬರು."

ದಿನಾ ಬೆಳಿಗ್ಗೆ ನೋಡಿ ತುಂಬಿಸುತ್ತಾರೆ, ಮಟ್ಟ ಒಂದು ದಿನವೂ ಇಳಿಯಲು ಬಿಟ್ಟಿಲ್ಲ ಎಂದಳು ಹಂಸ. ಯಾರು ಎಂದು ಕೇಳಿದ. ಮಾವ ಎಂದಳು. ಜಿಯಾವುಲ್ಲಾ ಬೆರಳನ್ನು ಬಟ್ಟೆಗೆ ಒರೆಸಿಕೊಂಡು ನಿಧಾನವಾಗಿ ಹೇಳಿದ. "ಒಳ್ಳೆ ಮನುಷ್ಯರು. ಹಾಕೋರು ಇದಾರೆ. ತೆಗೆಯೋರು ಯಾರೂ ಇಲ್ಲ."

ಆಮೇಲೆ ಬಿಡಿಸಿ ಹೇಳಿದ. ಆಯಿಲ್ ಇರುವುದು ಬರೀ ಜಾರಲಿಕ್ಕಲ್ಲ, ತೊಳೆಯಲಿಕ್ಕೂ ಹೌದು. ಎಂಜಿನ್ನಿನೊಳಗಿನ ಮಸಿ, ಕಬ್ಬಿಣದ ಪುಡಿ ಎಲ್ಲವನ್ನೂ ಅದೇ ಎತ್ತಿಕೊಳ್ಳುತ್ತದೆ. ಎಂಜಿನ್ ಕುಡಿಯುವುದು ಅದರ ತೆಳು ಭಾಗವನ್ನು. ಕೊಳೆಯೆಲ್ಲ ತಳದಲ್ಲೇ ಉಳಿಯುತ್ತದೆ. ಅದರ ಮೇಲೆ ಎಷ್ಟು ಹೊಸದು ಸುರಿದರೂ ಒಂದೇ ನೀರಿನಲ್ಲಿ ಮನೆಯ ಪಾತ್ರೆಯನ್ನೆಲ್ಲ ತಿಂಗಳುಗಟ್ಟಲೆ ತೊಳೆದ ಹಾಗೆ. ಈ ಗಾಡಿಗೆ ಐದು ಸಾವಿರ ಕಿಲೋಮೀಟರಿಗೊಮ್ಮೆ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ಹಾಕಬೇಕಿತ್ತು. ಈಗ ಕೊಳೆ ದಾರಿ ಕಟ್ಟಿದೆ, ಆಯಿಲ್ ಮೇಲಕ್ಕೆ ಏರುತ್ತಿಲ್ಲ, ಅದಕ್ಕೇ ಕೆಂಪು ದೀಪ. ಹೀಗೇ ಓಡಿಸಿದರೆ ಒಂದು ದಿನ ನಡುರಸ್ತೆಯಲ್ಲಿ ಎಂಜಿನ್ ಜಾಮ್ ಆಗುತ್ತದೆ. ಇಳಿಸಿ ಹೊಸದು ಹಾಕಿದರೂ ಹಳೆಯ ಕೊಳೆ ಕರಗಿ ಬರುವುದರಿಂದ ಹತ್ತು ದಿನಕ್ಕೆ ಮತ್ತೆ ಇಳಿಸಬೇಕು. ಉಳಿಯುತ್ತದೆ ಎಂದು ಅವನು ಮಾತು ಕೊಡಲಿಲ್ಲ. ನೋಡೋಣ ಎಂದ, ಅಷ್ಟೇ.

ಹಂಸಳಿಗೆ ಇದ್ದ ದಿನಗಳು ಎಂಟು. ಮುಂದಿನ ಬುಧವಾರ ವ್ಯಾನಿನ ಎಫ್.ಸಿ.; ಗಾಡಿ ರಸ್ತೆಗೆ ಯೋಗ್ಯ ಎಂಬ ಆ ಕಾಗದ ಸಿಗದಿದ್ದರೆ ಶಾಲೆಯವರು ಆ ಹದಿನಾಲ್ಕು ಹುಡುಗಿಯರನ್ನು ಅಂದೇ ಬೇರೆ ವ್ಯಾನಿಗೆ ಹತ್ತಿಸುತ್ತಾರೆ. ಈ ಹೊಗೆಯಲ್ಲಿ, ಈ ಸದ್ದಿನಲ್ಲಿ ಕಾಗದ ಸಿಗುವ ಮಾತಿಲ್ಲ. ಒಮ್ಮೆ ಹೋದ ಸೀಟು ಅವಳಿಗೆ ಮತ್ತೆ ಸಿಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಪಕ್ಕದ ಮನೆಯ ಚಿನ್ನಪ್ಪ ಮೊದಲಿನಿಂದಲೂ ತನ್ನ ಬಾಡಿಗೆಯವನೊಬ್ಬನನ್ನು ಡ್ರೈವರ್ ಆಗಿ ಹಾಕಿಸಲು ಮಾವನ ಕಿವಿಯ ಬಳಿ ಕೂತಿದ್ದ. ಹೆಂಗಸು ಕೂತ ಗಾಡಿ ಎಂದು ನಗುತ್ತಿದ್ದವನೂ ಅವನೇ.

ಸಂಜೆ ಹಂಸ ಮನೆಗೆ ಬಂದಾಗ ಚಿನ್ನಪ್ಪ ಜಗಲಿಯ ಮೇಲೇ ಇದ್ದ. ಅವನ ಎದುರಿಗೇ ಅವಳು ಎರಡು ವರ್ಷದಲ್ಲಿ ಮೊದಲ ಬಾರಿ ಮಾವನನ್ನು ನೇರವಾಗಿ ಮಾತಾಡಿಸಿದಳು. ಕೆಂಪು ದೀಪದ ವಿಷಯ, ಮುಚ್ಚಳದ ಅಂಟಿನ ವಿಷಯ, ಹತ್ತು ದಿನದ ವಿಷಯ ಎಲ್ಲ ಹೇಳಿದಳು. ರಾಮಾಂಜಿನಪ್ಪನವರು ಗೋಡೆ ನೋಡುತ್ತ ಕೂತು ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೆ ಹೆಂಡತಿಯ ಕಡೆ ತಿರುಗಿದರು. ಆಯಿಲ್ ತೆಗೆಸು ಎನ್ನುವವನು ಆಯಿಲ್ ಮಾರುವವನೇ ಆಗಿರುತ್ತಾನೆ ಎಂದರು. ಹೊಸದನ್ನು ಇವಳಿಗೆ ಮಾರುತ್ತಾನೆ, ಹಳೆಯದನ್ನು ಇನ್ನೊಬ್ಬನಿಗೆ ಮಾರುತ್ತಾನೆ ಎಂದರು. ತುಂಬಿದ ಪಾತ್ರೆಯನ್ನು ಬರಿದು ಮಾಡುವುದು ಈ ಮನೆಯ ಪದ್ಧತಿಯಲ್ಲ ಎಂದರು. ಗಾಡಿ ಕೆಟ್ಟಿದ್ದರೆ ಅದು ಎಣ್ಣೆ ಹಾಕಿದ ಕೈಯಿಂದಲ್ಲ, ಸ್ಟಿಯರಿಂಗ್ ಹಿಡಿದ ಕೈಯಿಂದ ಎಂದರು. ಚಿನ್ನಪ್ಪ ಹೌದು ಹೌದೆಂದು ತೊಡೆ ತಟ್ಟಿದ.

ದೊಡ್ಡಮುನಿಯಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು. "ನಿಮ್ಮಪ್ಪನ ಮನೇಲಿ ಯಾವ ಗಾಡಿ ಇತ್ತಮ್ಮಾ? ಸೈಕಲ್ಲಾ? ಅದಕ್ಕೂ ಆಯಿಲ್ ತೆಗೆಸ್ತಿದ್ರಾ?"

ಆನಂದನಿಗೆ ಫೋನ್ ಮಾಡಿದರೆ ಅವನು ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಸರದಿಗೆ ಕಾಯುತ್ತಿದ್ದ. ಅಪ್ಪನ ಹತ್ತಿರ ವಾದ ಯಾಕೆ, ಸ್ವಲ್ಪ ಅಡ್ಜಸ್ಟ್ ಮಾಡಿಕೋ ಎಂದ. "ಅದನ್ನ ಎಂಜಿನ್ನಿಗೆ ಹೇಳು," ಎಂದು ಹಂಸ ಫೋನ್ ಇಟ್ಟಳು.

ಶನಿವಾರ ಶಾಲೆ ಅರ್ಧ ದಿನ. ಮಕ್ಕಳನ್ನು ಬಿಟ್ಟು ಮತ್ತೆ ಕರೆದುಕೊಳ್ಳುವುದರ ನಡುವೆ ಮೂರೂವರೆ ಗಂಟೆ ಇತ್ತು. ಹಂಸ ಯಾರಿಗೂ ಹೇಳದೆ ವ್ಯಾನನ್ನು ಜಿಯಾವುಲ್ಲಾನ ಮುಂದೆ ನಿಲ್ಲಿಸಿದಳು. ಎಂಜಿನ್ ಬಿಸಿ ಇರುವಾಗಲೇ ಅವನು ಕೆಳಗೆ ತೂರಿಕೊಂಡು ತಳದ ನಟ್ಟು ಬಿಚ್ಚಿದ. ಆಯಿಲ್ ಧಾರೆಯಾಗಿ ಬರಲಿಲ್ಲ. ಮೊದಲು ಏನೂ ಬರಲಿಲ್ಲ. ತಂತಿಯೊಂದನ್ನು ತೂರಿಸಿ ಕೆದಕಿದ ಮೇಲೆ ಹಗ್ಗದ ಹಾಗೆ ಕಪ್ಪಗೆ ಜೋತುಬಿದ್ದು, ತಟ್ಟೆಗೆ ಇಳಿಯಿತು. ಹಳೆಯ ಫಿಲ್ಟರನ್ನು ಅಂಗೈಯಲ್ಲಿ ತೂಗಿ ನೋಡಿ, ಕಲ್ಲು ಎಂದ. ಒಂದು ಗಂಟೆ ಹಾಗೇ ಸೋರಲು ಬಿಟ್ಟು, ಹೊಸ ಫಿಲ್ಟರ್ ಕೂರಿಸಿ, ಹೊಸ ಆಯಿಲ್ ಸುರಿದ. ಅದು ಹೊಂಗೆ ಹೂವಿನ ಜೇನಿನ ಬಣ್ಣದಲ್ಲಿತ್ತು. ಎಂಜಿನ್ ಸ್ಟಾರ್ಟ್ ಮಾಡಿದಾಗ ಟಕಟಕ ನಿಲ್ಲಲಿಲ್ಲ, ಆದರೆ ದನಿ ತಗ್ಗಿತು. ಕೆಂಪು ದೀಪ ಒಮ್ಮೆ ಮಿಣುಕಿ ಆರಿತು.

ಜಿಯಾವುಲ್ಲಾ ಒಂದು ರಟ್ಟಿನ ಚೀಟಿಯ ಮೇಲೆ ತಾರೀಕು, ಕಿಲೋಮೀಟರ್ ಬರೆದು ಸ್ಟಿಯರಿಂಗಿನ ಬುಡಕ್ಕೆ ಕಟ್ಟಿದ. ಹತ್ತು ದಿನದೊಳಗೆ ಯಾರೂ ಏನೂ ಸುರಿಯಬಾರದು ಎಂದ. ಹಂಸ ತಟ್ಟೆಯಲ್ಲಿದ್ದ ಕಪ್ಪನ್ನು ನೀರಿನ ಬಾಟಲಿಯೊಂದಕ್ಕೆ ತುಂಬಿಸಿಕೊಂಡಳು.

ಮರುದಿನ ಭಾನುವಾರ ಅಮಾವಾಸ್ಯೆ. ಮುನೇಶ್ವರನಿಗೆ ಬೆಳಿಗ್ಗೆಯೇ ಪೂಜೆ. ಊರಿನ ಹಳೇ ಮನೆಗಳವರು ಹದಿನೈದಿಪ್ಪತ್ತು ಮಂದಿ ತೆಂಗಿನಕಾಯಿ ಹಿಡಿದು ಗುಡಿಯ ಮುಂದೆ ಸೇರಿದ್ದರು. ರಾಮಾಂಜಿನಪ್ಪನವರು ದೀಪಕ್ಕೆ ಎಣ್ಣೆ ಸುರಿದು ಬಂದು ಎಂದಿನಂತೆ ಸೀಟು ಎತ್ತಿದರು. ಕಡ್ಡಿ ಎಳೆದು, ಒರೆಸಿ, ಮತ್ತೆ ಎಳೆದು ಬಿಸಿಲಿಗೆ ಹಿಡಿದರು. ಮೂರು ವರ್ಷದಿಂದ ಕರ್ರಗೆ ಕಾಣುತ್ತಿದ್ದ ತುದಿಯಲ್ಲಿ ಈಗ ಏನೂ ಕಾಣಲಿಲ್ಲ. ಡಬ್ಬಿಯಲ್ಲಿ ಕಂಡ ಹೊಸ ಆಯಿಲ್ ಕಡ್ಡಿಯ ಮೇಲೂ ಅಷ್ಟೇ ತಿಳಿಯಾಗಿರುತ್ತದೆ ಎಂಬುದು ಆ ಕ್ಷಣ ಅವರಿಗೆ ಹೊಳೆಯಲಿಲ್ಲ. ಎಂಜಿನ್ ಬರಿದಾಗಿದೆ ಎಂದುಕೊಂಡರು. ಬೆರಳಿಟ್ಟು ಮುಟ್ಟಿದಾಗ ಜಿಡ್ಡು ತಾಕಿತು. ಆಗ ಅವರಿಗೆ ಎಲ್ಲ ಅರ್ಥವಾಯಿತು. ಬೆನ್ನ ಹಿಂದೆ ತೆಗೆದು ಚೆಲ್ಲಿದ್ದಾಳೆ.

ಅವರು ಕೂಗಾಡುವ ಜಾತಿಯವರಲ್ಲ. ಕಡ್ಡಿಯನ್ನು ಕೈಯಲ್ಲೇ ಹಿಡಿದು ಗುಡಿಯ ಮೆಟ್ಟಿಲಿಗೆ ಬಂದು ನಿಂತರು. ನಾಳೆಯಿಂದ ಗಾಡಿಯನ್ನು ನಿನ್ನ ಬಾಡಿಗೆಯ ಹುಡುಗನೇ ಓಡಿಸಲಿ ಎಂದು ಚಿನ್ನಪ್ಪನಿಗೆ ಹೇಳಿದರು. ಆಮೇಲೆ ಹೆಂಡತಿಗೆ ಹೇಳಿದರು, ಇನ್ನು ಅವಳ ಕೈಗೆ ಕೀಲಿ ಕೊಟ್ಟರೆ ನೀನೂ ಈ ಗುಡಿ ಮೆಟ್ಟಿಲು ಹತ್ತಬೇಡ ಎಂದು. ಕೀಲಿ ಅವರ ಇನ್ನೊಂದು ಕೈಯಲ್ಲಿತ್ತು. ಚಿನ್ನಪ್ಪ ಆಗಲೇ ಶರಟಿನ ತೋಳು ಸರಿಪಡಿಸಿಕೊಳ್ಳತೊಡಗಿದ್ದ.

ಹಂಸ ಮನೆಯೊಳಗೆ ಹೋಗಿ ಬಾಟಲಿ ತಂದಳು. ಎಲ್ಲರೂ ನೋಡುತ್ತಿರುವಾಗ ಅದನ್ನು ಮೆಟ್ಟಿಲ ಮೇಲಿಟ್ಟಳು.

"ಇದು ನೀವು ದಿನಾ ಸುರಿದಿದ್ದೇ ಮಾವ. ಏನಾಗಿದೆ ನೋಡಿ."

"ಅವಳಿಗೆ ಹೇಳು," ಎಂದರು ಅವರು ಹೆಂಡತಿಗೆ. ಅಲ್ಲಿಗೇ ನಿಲ್ಲಿಸಿ, ಎರಡು ವರ್ಷದ ವ್ರತ ಮುರಿದು ಸೊಸೆಯ ಮುಖವನ್ನೇ ನೋಡಿದರು. "ಬಾ ಇಲ್ಲಿ. ಈ ಬಟ್ಟಲೊಳಗೆ ನೋಡು. ನಮ್ಮ ತಾತ ಸುರಿದ್ರು, ನಮ್ಮಪ್ಪ ಸುರಿದ್ರು, ನಾನು ಸುರೀತಾ ಇದೀನಿ. ಒಂದಿನ ಬರಿದು ಮಾಡಿಲ್ಲ. ತಳದಲ್ಲಿ ಮಡ್ಡಿ ಐತಾ ತೋರಿಸು."

ಹಂಸ ಬಗ್ಗಿ ನೋಡಿದಳು. ಜೊತೆಗೆ ಇನ್ನೂ ನಾಲ್ಕು ಜನ ಬಗ್ಗಿದರು. ನಡುವಿನ ಸಣ್ಣ ಕೊಳವೆಯಲ್ಲಿ ಬತ್ತಿ ಉರಿಯುತ್ತಿತ್ತು. ಎಣ್ಣೆ ತಿಳಿಯಾಗಿತ್ತು, ಅದರ ಕೆಳಗೆ ಕಂಚಿನ ತಳ ಹಳದಿಯಾಗಿ ಹೊಳೆಯುತ್ತಿತ್ತು. ಬತ್ತಿ ಉದುರಿಸಿದ ಸ್ವಲ್ಪ ಕಪ್ಪು ಬಿಟ್ಟರೆ ಮಡ್ಡಿಯ ಸುಳಿವಿರಲಿಲ್ಲ. ಒಳ್ಳೆಯ ಕೈಯಲ್ಲಿ ಹಾಕಿದ್ದು ಕೊಳೆಯುವುದಿಲ್ಲ ಎಂದು ಹಿಂದಿನಿಂದ ಯಾರೋ ಹೇಳಿದರು. ಗಾಡಿಗೆ ಯಾರ ಕೈ ತಾಕಿತು ಎಂದು ಗೊತ್ತಿಲ್ಲವೇ ಎಂದ ಚಿನ್ನಪ್ಪ.

ರಾಮಾಂಜಿನಪ್ಪನವರು ಅಲ್ಲಿಗೇ ಬಿಟ್ಟಿದ್ದರೆ ಗೆದ್ದು ಹೋಗುತ್ತಿದ್ದರು. ಆದರೆ ಗೆಲುವು ಪೂರ್ತಿಯಾಗಬೇಕು ಅನ್ನಿಸಿತೇನೋ. ಹೆಂಡತಿಯನ್ನು ಹತ್ತಿರ ಕರೆದರು.

"ದೀಪ ಮುಟ್ಟಿ ಹೇಳು. ನೀನು ಈ ಮನೆಗೆ ಬಂದಾಗಿಂದ ಈ ಬಟ್ಟಲು ಒಂದು ಸಲನಾದ್ರೂ ಬರಿದಾಗಿದ್ದುಂಟಾ? ಎಲ್ಲರ ಮುಂದೆ ಹೇಳು. ಇವಳ ಬಾಯಿ ಒಂದೇ ಸಲಕ್ಕೆ ಮುಚ್ಚಲಿ."

ದೀಪ ಮುಟ್ಟಿ ಹೇಳುವುದೆಂದರೆ ಆ ಊರಿನಲ್ಲಿ ಸಣ್ಣ ಮಾತಲ್ಲ. ಹೊಲದ ಗಡಿಯ ವ್ಯಾಜ್ಯಗಳು ಆ ದೀಪದ ಮುಂದೆ ಮುಗಿದಿವೆ. ಅದನ್ನು ಮುಟ್ಟಿ ಸುಳ್ಳು ಹೇಳಿದವರು ಯಾರೂ ಇಲ್ಲ. ಸುಳ್ಳು ಹೇಳಬೇಕಾದವರು ಮುಟ್ಟುವ ಮೊದಲೇ ಹಿಂದೆ ಸರಿದಿದ್ದಾರೆ.

ದೊಡ್ಡಮುನಿಯಮ್ಮ ಮೆಟ್ಟಿಲು ಹತ್ತಿದಳು. ಕೈ ಚಾಚಿದಳು. ಬಟ್ಟಲಿನ ಅಂಚಿಗೆ ಒಂದು ಗೇಣು ಉಳಿದಿರುವಾಗ ಕೈ ನಿಂತಿತು. ಆಮೇಲೆ ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು.

"ಯಾಕೆ ಕೇಳಿದ್ರಿ ಇದನ್ನ," ಎಂದಳು ಗಂಡನಿಗೆ. ದನಿಯಲ್ಲಿ ಸಿಟ್ಟಿತ್ತು. "ಕೇಳದೆ ಇದ್ದಿದ್ರೆ ನಾನು ಹಂಗೇ ಹೋಗ್ಬಿಡ್ತಿದ್ದೆ."

ಅವಳು ಮೂರ್ತಿಯ ಹಿಂದಿನ ಗೂಡಿಗೆ ಕೈಹಾಕಿ ಒಂದು ಮಣ್ಣಿನ ಹಣತೆ ತೆಗೆದಳು. ಅದು ಹೊಗೆ ಹಿಡಿದು ಹಳೆಯದಾಗಿತ್ತು. ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟು, ಬತ್ತಿ ಹೊಸೆದಿಟ್ಟು, ದೊಡ್ಡ ದೀಪದಿಂದ ಹಚ್ಚಿಕೊಂಡು ದೇವರ ಮುಂದೆ ಇಟ್ಟಳು. ಆಮೇಲೆ ಕಂಚಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದಳು. ರಾಮಾಂಜಿನಪ್ಪನವರು ತಡೆಯಲು ಒಂದು ಹೆಜ್ಜೆ ಮುಂದಿಟ್ಟರು. ಅವಳು ಬಟ್ಟಲನ್ನು ಮೆಟ್ಟಿಲ ಬಳಿಯ ಪಾತ್ರೆಗೆ ಮಗುಚಿದಳು. ತಿಳಿ ಎಣ್ಣೆಯ ಹಿಂದೆ, ಬತ್ತಿ ಕೂರುವ ಆ ಕೊಳವೆಯೊಳಗಿನಿಂದ, ಒಂದು ತಿಂಗಳ ಕಪ್ಪು ನಿಧಾನವಾಗಿ ಇಳಿದು ಬಂತು. ಒಂದು ಚಮಚದಷ್ಟಿತ್ತು. ಹಂಸ ಇಟ್ಟ ಬಾಟಲಿ ಪಕ್ಕದಲ್ಲೇ ಇತ್ತು. ಎರಡೂ ಒಂದೇ ಬಣ್ಣ.

"ತಿಂಗಳಿಗೆ ಇಷ್ಟು," ಎಂದಳು ದೊಡ್ಡಮುನಿಯಮ್ಮ. "ಅಮಾವಾಸ್ಯೆ ಮಧ್ಯಾಹ್ನ ನೀವು ಉಂಡು ಮಲಗಿದ ಮೇಲೆ ನಾನು ತೆಗೀತೀನಿ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ತೊಳೆದು, ಒಣಗಿಸಿ, ಮತ್ತೆ ಎಣ್ಣೆ ಹಾಕಿ ಹಚ್ಚಿಡ್ತೀನಿ. ನಿಮ್ಮಮ್ಮ ನಂಗೆ ಹೇಳ್ಕೊಟ್ರು. ಅವರಿಗೆ ಅವರತ್ತೆ. ಗಂಡಸರಿಗೆ ಹೇಳ್ಬೇಡ, ಅವರು ಸುರಿಯೋರು, ಬರಿದಾಯ್ತು ಅಂದ್ರೆ ಹೆದರ್ಕೋತಾರೆ ಅಂದ್ರು. ಬೆಂಕಿ ಒಂದಿನ ಆರಿಲ್ಲ. ಎಣ್ಣೆ ಮಾತ್ರ ತಿಂಗಳು ತಿಂಗಳೂ ಬೇರೆ."

ಹಳೇ ಮನೆಗಳ ಹೆಂಗಸರಲ್ಲಿ ಇಬ್ಬರು ಮೂವರು ನೆಲ ನೋಡಿದರು. ಅವರವರ ಮನೆಯ ದೇವರ ಗೂಡಿನಲ್ಲಿಯೂ ಇಂಥದೊಂದು ಹಣತೆ ಇತ್ತೇನೋ. ಪ್ರತಿ ಅಮಾವಾಸ್ಯೆ ಸಂಜೆ ಹೆಂಡತಿಯ ಬೆರಳುಗಳಿಂದ ಹುಣಸೆಹಣ್ಣಿನ ವಾಸನೆ ಬರುತ್ತಿದ್ದುದು ರಾಮಾಂಜಿನಪ್ಪನವರಿಗೆ ಈಗ ನೆನಪಾಯಿತು. ಅಡಿಗೆಯ ಪಾತ್ರೆ ಉಜ್ಜಿದ್ದಾಳೆ ಎಂದುಕೊಂಡಿದ್ದರು. ಕೈಯಲ್ಲಿದ್ದ ಕೀಲಿಯನ್ನು ಕಲ್ಲಿನ ಮೇಲಿಟ್ಟು, ಗೇಜ್ ಕಡ್ಡಿಯನ್ನು ಅದರ ಪಕ್ಕದಲ್ಲಿಟ್ಟು, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿನ್ನಪ್ಪ ತನ್ನ ತೆಂಗಿನಕಾಯಿಯನ್ನು ತಾನೇ ಒಡೆದುಕೊಂಡು ಹೋದ.

ಹಂಸ ಕಡ್ಡಿಯನ್ನು ಒರೆಸಿ ಅದರ ಜಾಗಕ್ಕೆ ತೂರಿಸಿ, ಅತ್ತೆಯ ಬಳಿ ಬಂದು ಬಟ್ಟಲು ತೊಳೆಯಲು ಕೈ ಚಾಚಿದಳು. ದೊಡ್ಡಮುನಿಯಮ್ಮ ಬಟ್ಟಲನ್ನು ಬಿಟ್ಟುಕೊಡಲಿಲ್ಲ.

"ಮುಂದಿನ ಅಮಾವಾಸ್ಯೆಗೆ ಹುಣಸೆಹಣ್ಣು ನೀನು ನೆನೆಸು," ಎಂದಳು. "ಹಂಗಂತ ನಾನು ನಿನ್ನ ಕಡೆ ಅಂದ್ಕೋಬೇಡ. ನೀನು ನನ್ನ ಗಂಡನ್ನ ಊರ ಮುಂದೆ ನಿಲ್ಲಿಸಿದವಳು."

"ನಿಲ್ಲಿಸಿದ್ದು ನಾನಲ್ಲ ಅತ್ತೆ."

"ಅದೂ ಗೊತ್ತು. ಹೋಗು."

ಆ ಸಂಜೆ ರಾಮಾಂಜಿನಪ್ಪನವರು ಗುಡಿಗೆ ಬಂದರು. ಬರಲಾರರು ಎಂದುಕೊಂಡವರಿದ್ದರು, ಬಂದರು. ಹೊಳೆಯುವ ಬಟ್ಟಲಿನ ಮುಂದೆ ಎಣ್ಣೆಯ ಗಿಂಡಿ ಹಿಡಿದು ನಿಂತು, ತಳವನ್ನು ಬಗ್ಗಿ ನೋಡಿ, ಆಮೇಲೆ ಸುರಿದರು. ಹೆಂಡತಿಯೊಡನೆ ಮಾತು ಬಿಟ್ಟರು. ಈಗ ಆ ಮನೆಯಲ್ಲಿ ಮಾತು ದಾಟಿಸಲಿಕ್ಕೂ ಯಾರೂ ಉಳಿಯಲಿಲ್ಲ. ಊಟದ ತಟ್ಟೆಗಳ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಸೋಮವಾರ ಬೆಳಿಗ್ಗೆ ಕೀಲಿ ಕಲ್ಲಿನ ಮೇಲೇ ಇತ್ತು, ಕುಂಕುಮ ಇರಲಿಲ್ಲ. ಕೊಡುವವರೂ ಇಲ್ಲ, ತಡೆಯುವವರೂ ಇಲ್ಲ. ಹಂಸ ಒಂದು ಚಿಟಿಕೆ ಕುಂಕುಮ ತಾನೇ ಹಚ್ಚಿ, ಮುನೇಶ್ವರನಿಗೆ ಕೈಮುಗಿದು, ಕೀಲಿ ಎತ್ತಿಕೊಂಡಳು.

ಬುಧವಾರ ಎಫ್.ಸಿ. ನೋಡಿದವರು ಎಂಜಿನ್ನಿಗೆ ಎರಡು ಸಲ ಕಿವಿಗೊಟ್ಟರು. ಹೊಗೆಯ ಕೊಳವೆಯೊಳಗೆ ಯಂತ್ರದ ನಳಿಕೆ ಇಟ್ಟು ಕಾದರು. ಹಂಸ ಆ ಹೊತ್ತಿನಲ್ಲಿ ಸ್ಟಿಯರಿಂಗಿನ ಬುಡದ ರಟ್ಟಿನ ಚೀಟಿಯನ್ನೇ ನೋಡುತ್ತ ಕೂತಿದ್ದಳು. ಹಳೆ ಗಾಡಿ, ಆಯಿಲ್ ಕಡೆ ನಿಗಾ ಇರಲಿ ಎಂದು ಹೇಳಿ ಕಾಗದ ಕೊಟ್ಟರು. ಗುರುವಾರ ತೂಬಾ ವ್ಯಾನ್ ಹತ್ತಿದವಳೇ ಕಿವಿ ಚಾಚಿ, "ಈಗ ಗೊರಕೆ ಹೊಡೀತಿದೆ," ಎಂದಳು.

ಹತ್ತನೆಯ ದಿನ ಮಂಗಳವಾರ. ಹಂಸ ಹೊರಗೆ ಬಂದಾಗ ಅವಳ ಸೀಟು ಎತ್ತಿತ್ತು. ಮಾವ ಕಡ್ಡಿಯನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಕಾಲ ಬಳಿ ಆಯಿಲ್ ಡಬ್ಬಿ. ಅಂದು ಜೇನಿನಂತಿದ್ದದ್ದು ಈಗ ಕರ್ರಗಾಗಿತ್ತು. ಅವರು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದರು, ಮೂಸಿದರು. ಹಂಸ ಮೆಟ್ಟಿಲ ಮೇಲೇ ನಿಂತಳು. ಡಬ್ಬಿ ಎತ್ತಿದರೆ ಓಡಿಹೋಗಿ ತಡೆಯಬೇಕು ಎಂದುಕೊಂಡು ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡಳು.

ರಾಮಾಂಜಿನಪ್ಪನವರು ಒಳಗಿನ ಕತ್ತಲಿನ ಕಡೆ ತಿರುಗಿ, ಒಂಬತ್ತು ದಿನದ ಮೇಲೆ ಹೆಂಡತಿಗೆ ಮೊದಲ ಮಾತು ಹೇಳಿದರು.

"ಅವಳಿಗೆ ಹೇಳು. ಕರ್ರಗಾಗೈತೆ. ಇವತ್ತು ತೆಗೆಸ್ಬೇಕು."

"ಮಕ್ಕಳನ್ನ ಬಿಟ್ಟು ಅಲ್ಲಿಗೇ ಹೋಗ್ತೀನಿ ಅಂತ ಹೇಳಿ ಅತ್ತೆ."

ಒಳಗಿನಿಂದ ದೊಡ್ಡಮುನಿಯಮ್ಮನ ಒಗ್ಗರಣೆಯ ಸಿಡಿತ ಮಾತ್ರ ಬಂತು. ರಾಮಾಂಜಿನಪ್ಪನವರು ಕಡ್ಡಿಯನ್ನು ಒರೆಸಿ ಇಳಿಸಿದರು. ಸೀಟನ್ನು ಮೆಲ್ಲಗೆ ಕೆಳಗಿಟ್ಟು, ಅದರ ಮೇಲಿನ ಧೂಳನ್ನು ಬಟ್ಟೆಯಲ್ಲಿ ಒಂದು ಸಲ ಕೊಡವಿದರು. ಮುಚ್ಚಳ ತೆಗೆಯದ ಡಬ್ಬಿಯನ್ನು ಎತ್ತಿಕೊಂಡು, ಅವಳು ಹತ್ತಲೆಂದು ಗೋಡೆಯ ಕಡೆಗೆ ಸರಿದು ನಿಂತರು. ಅವಳ ಮುಖ ನೋಡಲಿಲ್ಲ.